ಸೂರಿನ ಕೊಕ್ಕೆಗೆ ಕಟ್ಟಿದ ರೇಷ್ಮೆ ಎಳೆ

ಕೊಳ್ಳೇಗಾಲದ ಆ ಮನೆಗೆ ಭಾನುವಾರದ ಸೆಮಿನಾರಿಗೆಂದು ನಾನು ಮೊದಲ ಸಲ ಹೋದದ್ದು ಯಾವಾಗ ಎಂದು ಕೇಳಿದರೆ, ಕೊರೊನಾ ಗಲಾಟೆ ಮುಗಿದ ಮೇಲೆ ಎಂದಷ್ಟೇ ಹೇಳಬಲ್ಲೆ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಮಾತಾಡುವ ಅಭ್ಯಾಸ ಎಲ್ಲರಲ್ಲೂ ಇನ್ನೂ ಉಳಿದಿತ್ತು ಎಂದು ನೆನಪು. ಆ ಮಾಸ್ಕು ಬೇರೆ ಯಾವುದೋ ಸಭೆಯ ನೆನಪಿನಿಂದ ಬಂದು ಇಲ್ಲಿ ಸೇರಿಕೊಂಡಿದ್ದರೂ ಇರಬಹುದು. ನಾನು ಓದಿದ್ದು ಸಂಖ್ಯಾಶಾಸ್ತ್ರ, ಪಾಠ ಮಾಡುವುದು ಯಳಂದೂರಿನ ಕಾಲೇಜಿನಲ್ಲಿ. ಯಾರು ಏನು ಹೇಳಿದರೂ ನಂಬುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು. ಈಚೆಗೆ ಹಾಗೆ ತಟ್ಟನೆ ನಂಬಲಾಗದವರ ಪಟ್ಟಿಯಲ್ಲಿ ನಾನೂ ಸೇರಿದ್ದೇನೆ.

ಮನೆಯ ಯಜಮಾನರು ಭೌತವಿಜ್ಞಾನಿ, ನಮ್ಮೆಲ್ಲರ ಬಾಯಲ್ಲಿ ಪ್ರೊಫೆಸರು. ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಊರಿಗೆ ಬಂದು, ಆರಾಮವಾಗಿರುವುದು ಹೇಗೆಂದು ಗೊತ್ತಾಗದೆ ಮನೆಯ ನಡುಮನೆಯಲ್ಲೇ ಸೆಮಿನಾರು ಶುರುಮಾಡಿದವರು. ಭಾನುವಾರ ಬೆಳಿಗ್ಗೆ ಒಬ್ಬರು ಮಾತಾಡಬೇಕು, ಉಳಿದವರು ಅಡ್ಡ ಪ್ರಶ್ನೆ ಹಾಕಬೇಕು, ನಡುವೆ ಉಪ್ಪಿಟ್ಟು. ನಿಯಮ ಒಂದೇ. ಏನಾದರೂ ಅಳತೆ ಹೇಳಿದರೆ, ಅದು ಎಷ್ಟು ತಪ್ಪಿರಬಹುದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಈ ನಿಯಮ ಅಡುಗೆಮನೆಗೂ ಹಬ್ಬಿತ್ತು. "ಉಪ್ಪಿಟ್ಟು ಇನ್ನು ಹತ್ತು ನಿಮಿಷ, ಹೆಚ್ಚುಕಮ್ಮಿ ಅರ್ಧ ಗಂಟೆ" ಎಂದು ಅವರ ಹೆಂಡತಿ ಒಳಗಿನಿಂದಲೇ ಕೂಗುತ್ತಿದ್ದರು.

ತಪ್ಪದೆ ಬರುತ್ತಿದ್ದವರು ನಾವು ಮೂವರು. ನಾನು, ಕುಂತೂರಿನ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವ ಕೆಮಿಸ್ಟು, ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಜೊತೆಗೆ ಏಳೆಂಟು ಕಾಲೇಜು ಹುಡುಗ ಹುಡುಗಿಯರು. ಅವರ ಮುಖಗಳು ಬದಲಾಗುತ್ತಿದ್ದವು, ಉಪ್ಪಿಟ್ಟು ಖಾಲಿಯಾಗುವುದು ಬದಲಾಗುತ್ತಿರಲಿಲ್ಲ.

ಟೀಚರಿಗೆ ಪಿಎಚ್.ಡಿ. ಮಾಡುವ ಹಟ. ಕೆಲಸದಲ್ಲಿದ್ದುಕೊಂಡೇ ಸಂಶೋಧನೆ ಮಾಡುವವರಿಗೆ ವಿಶ್ವವಿದ್ಯಾನಿಲಯದಲ್ಲಿ ಸೀಟುಗಳು ಇದ್ದವು, ಸಂದರ್ಶನಕ್ಕೆ ಅವರು ಮೈಸೂರಿಗೆ ಎರಡು ಸಲ ಹೋಗಿ ಬಂದಿದ್ದರು. ಎರಡು ಸಲವೂ ಒಂದೇ ಪ್ರಶ್ನೆ: ಹೈಸ್ಕೂಲಿನ ಸಾಮಾನು ಇಟ್ಟುಕೊಂಡು ಏನು ಸಂಶೋಧನೆ ಮಾಡುತ್ತೀರಿ? ಎರಡು ಸಲವೂ ಉತ್ತರ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ.

"ಇದೊಂದ್ ಸಲ ನೋಡ್ತೀನಿ ಸಾ. ಆಗ್ಲಿಲ್ಲ ಅಂದ್ರೆ ಬಿಟ್ಬುಡ್ತೀನಿ. ಊರಲ್ಲಿ ಆಗ್ಲೇ ನನ್ನ ಡಾಕ್ಟ್ರಮ್ಮ ಅಂತ ಆಡ್ಕತಾವ್ರೆ" ಎಂದು ಅವರು ಒಂದು ಭಾನುವಾರ ಹೇಳಿದರು. ನಗುತ್ತಲೇ ಹೇಳಿದರು. ಬಿಟ್ಟುಬಿಡುತ್ತಾರೆ ಎಂಬುದು ಮಾತ್ರ ನಮಗೆಲ್ಲ ಖಾತ್ರಿಯಾಯಿತು.

ಪ್ರೊಫೆಸರು ತಲೆಯೆತ್ತಿ ಸೂರಿನ ಕೊಕ್ಕೆ ನೋಡಿದರು. ಆಮೇಲೆ, "ಗುರುತ್ವಾಕರ್ಷಣೇನೇ ಅಳ್ದು ತೋರಿಸ್ಬುಡು ಕಣವ್ವ. ಈ ಮನೇಲೇ ಆಯ್ತದೆ" ಎಂದರು.

ಉಪಾಯ ಹಳೆಯದು, ಸರಳವಾದದ್ದು. ಒಂದು ಹಗುರ ಕೋಲಿನ ಎರಡು ತುದಿಗೆ ಎರಡು ಸೀಸದ ಗುಂಡು ಕಟ್ಟಿ, ಕೋಲನ್ನು ನಡುವೆ ಒಂದು ಸಣ್ಣ ಎಳೆಯಿಂದ ತೂಗುಬಿಡಬೇಕು. ಗುಂಡುಗಳ ಪಕ್ಕಕ್ಕೆ ಭಾರವಾದದ್ದೇನನ್ನಾದರೂ ತಂದಿಟ್ಟರೆ ಅದರ ಸೆಳೆತಕ್ಕೆ ಕೋಲು ಒಂದಿಷ್ಟೇ ಇಷ್ಟು ತಿರುಗುತ್ತದೆ. ಕಣ್ಣಿಗೆ ಕಾಣದಷ್ಟು ತಿರುವು ಅದು. ಹಾಗಾಗಿ ಕೋಲಿಗೆ ಕನ್ನಡಿ ಚೂರು ಅಂಟಿಸಿ, ಅದರ ಮೇಲೆ ಮಕ್ಕಳಾಡುವ ಲೇಸರ್ ಬಿಟ್ಟು, ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಎಷ್ಟು ಸರಿಯಿತು ಎಂದು ಸ್ಕೇಲಿನಲ್ಲಿ ಅಳೆಯಬೇಕು. ಸೀಸದ ಗುಂಡು ಗೋಪಿನಾಥಂ ಕಡೆಯಿಂದ ಸೆಮಿನಾರಿಗೆ ಬರುತ್ತಿದ್ದ ಹುಡುಗಿಯ ಮನೆಯ ಮೀನು ಬಲೆಯದ್ದು. ಭಾರಕ್ಕೆ, ನೀರು ತುಂಬಿದ ಇಪ್ಪತ್ತು ಲೀಟರಿನ ಎರಡು ಕ್ಯಾನು.

ಎಳೆಯ ವಿಷಯಕ್ಕೆ ಜಗಳವಾಯಿತು. ಗಾಳ ಹಾಕುವ ನೈಲಾನ್ ದಾರ ಸಾಕು ಎಂದೆ ನಾನು.

"ಲೇ, ಕೊಳ್ಳೇಗಾಲದಲ್ಲಿ ಕೂತ್ಕಂಡು ನೈಲಾನ್ ಕಟ್ಟಿದ್ರೆ ಜನ ಮಕುಕ್ ಉಗೀತಾರೆ ಕಣ್ಲಾ!" ಎಂದರು ಪ್ರೊಫೆಸರು. ಹಿಂದಿನ ಬೀದಿಯಲ್ಲಿ ರೇಷ್ಮೆಗೆ ಹುರಿ ಹಾಕುವವರ ಮನೆಯಿಂದ ಅವರೇ ಹೋಗಿ ಒಂದು ಎಳೆ ತಂದರು. ಅದನ್ನು ಬೆಳಕಿಗೆ ಹಿಡಿದು ನಮಗೆಲ್ಲ ತೋರಿಸಿದಾಗ ಅವರ ಮುಖದಲ್ಲಿ ಮದುವೆ ಸೀರೆ ಬಿಚ್ಚಿ ತೋರಿಸುವ ಅಂಗಡಿಯವರ ಕಳೆ ಇತ್ತು. ಹಿಂದಿನ ಕಾಲದವರು ಇಂಥ ಕೆಲಸಕ್ಕೆ ರೇಷ್ಮೆಯನ್ನೇ ಬಳಸುತ್ತಿದ್ದರು ಎಂದೂ ಹೇಳಿದರು. ಮುಂದೆ ಯಾಕೆ ಬಿಟ್ಟರು ಎಂದು ಕೇಳಬೇಕಾದವನು ನಾನು. ಕೇಳಿದೆ ಎಂದೇ ನನ್ನ ನೆನಪು. ಕೇಳಲಿಲ್ಲ ಎನ್ನುತ್ತಾರೆ ಉಳಿದಿಬ್ಬರೂ.

ಕೋಲಿಗೆ ಗಾಳಿ ತಾಗಬಾರದೆಂದು ಸುತ್ತ ಪ್ಲಾಸ್ಟಿಕ್ ಹಾಳೆಯ ಡೇರೆ ಕಟ್ಟಿದೆವು. ಎಳೆ ಮಾತ್ರ ಡೇರೆಯ ನೆತ್ತಿಯ ತೂತಿನಿಂದ ಹೊರಬಂದು ಸೂರಿನ ಕೊಕ್ಕೆಯವರೆಗೆ ಬಯಲಲ್ಲೇ ನಿಂತಿತ್ತು. ಕೋಲಿನ ಓಲಾಟ ನಿಲ್ಲುವುದಕ್ಕೆ ತುಂಬಾ ಹೊತ್ತು ಬೇಕು. ಆ ಹೊತ್ತನ್ನು ಹಾಳುಮಾಡುವುದೇಕೆಂದು ಪ್ರೊಫೆಸರು ಸೆಮಿನಾರನ್ನು ಅದಕ್ಕೆ ಹೊಂದಿಸಿದರು. ಬೆಳಿಗ್ಗೆ ಒಂದು ಕ್ಯಾನನ್ನು ಒಂದು ಗುಂಡಿನ ಮುಂದೆ, ಇನ್ನೊಂದನ್ನು ಇನ್ನೊಂದು ಗುಂಡಿನ ಹಿಂದೆ ಇಡುವುದು. ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ಎಲ್ಲರೂ ಚಾಪೆಯ ಮೇಲೆ ಕೂತು ಮಾತು ಕೇಳುವುದು. ಮಾತು ಮುಗಿಯುವಷ್ಟರಲ್ಲಿ ಚುಕ್ಕೆ ಎಡಕ್ಕೆ ಸರಿದಿರುತ್ತಿತ್ತು. ಅದನ್ನು ಬರೆದುಕೊಂಡು, ಎರಡು ಕ್ಯಾನುಗಳನ್ನೂ ತಂತಮ್ಮ ಗುಂಡಿನ ಇನ್ನೊಂದು ಪಕ್ಕಕ್ಕೆ ಎತ್ತಿಟ್ಟು, ಬಾಗಿಲು ತೆರೆದು ಜಗಲಿಯಲ್ಲಿ ಉಪ್ಪಿಟ್ಟು ತಿನ್ನುವುದು. ತಿಂದು ಬಂದರೆ ಚುಕ್ಕೆ ಬಲಕ್ಕೆ ವಾಪಸು ಬಂದಿರುತ್ತಿತ್ತು.

ಪ್ರತಿ ಭಾನುವಾರವೂ ಹೀಗೇ. ಲೆಕ್ಕ ಹಾಕಿದರೆ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹತ್ತಿರವಿತ್ತು. ಎಷ್ಟು ಹತ್ತಿರ? ಆಗ ಒಂದೂವರೆ ಪಟ್ಟು ಹೆಚ್ಚು ಬಂದಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಹೋದ ವರ್ಷ ಕೆಮಿಸ್ಟರು ಕಾಲುಭಾಗ ಹೆಚ್ಚು ಎಂದಿದ್ದರು, ಈಚೆಗೆ ಕೂದಲೆಳೆಯಷ್ಟೇ ಎನ್ನುತ್ತಿದ್ದಾರೆ. ಅಂದಿನಿಂದ ಯಾರೂ ಏನನ್ನೂ ಅಳೆಯದಿದ್ದರೂ ನಮ್ಮ ಉತ್ತರ ತಾನಾಗಿಯೇ ಸುಧಾರಿಸುತ್ತಾ ಬಂದಿದೆ.

ಟೀಚರು ಅದನ್ನೇ ಬರೆದು ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆ ಬಂತು. ನಾವೆಲ್ಲ ಆಗಲೇ ಗೆದ್ದವರ ಹಾಗೆ ಮೈಸೂರುಪಾಕು ತಿಂದೆವು.

ಅದರ ಮುಂದಿನ ಭಾನುವಾರ ಯಳಂದೂರಿನಲ್ಲಿ ಒಂದು ಮದುವೆ. ಕೆಮಿಸ್ಟರೂ ಹುಡುಗರೆಲ್ಲರೂ ಅಲ್ಲಿಗೆ ಹೋದರು. ಎಂದಿನಂತೆ ಕ್ಯಾನುಗಳನ್ನಿಟ್ಟು, ಮುಚ್ಚಿದ ಕೋಣೆಯಲ್ಲಿ ಪ್ರೊಫೆಸರು, ಟೀಚರು, ನಾನು ಮೂವರೇ ಕೂತೆವು. ಮಾತು ಮುಗಿಯಿತು. ಚುಕ್ಕೆ ಇದ್ದಲ್ಲೇ ಇತ್ತು ಎನ್ನಬಹುದು, ಒಂದು ಚೂರು ಎಡಕ್ಕೆ ಹೋಗಿತ್ತೇನೋ.

"ಏನ್ ಸಾ, ಇವತ್ತು ಗುರುತ್ವಾಕರ್ಷಣೆನೂ ಮದ್ವೆ ಊಟಕ್ಕೆ ಓಗ್ಬುಡ್ತಾ?" ಎಂದರು ಟೀಚರು.

ಪ್ರೊಫೆಸರು ನಕ್ಕರು. ಟೀಚರು ನಗಲಿಲ್ಲ. ಬಾಗಿಲ ಬಳಿ ನಿಂತು, ಖಾಲಿ ಚಾಪೆಯನ್ನೂ ಗೋಡೆಯ ಚುಕ್ಕೆಯನ್ನೂ ನೋಡುತ್ತಿದ್ದರು. ಹನೂರಿಗೆ ಹೋಗುವ ಬಸ್ಸಿನವರೆಗೆ ನಾನು ಜೊತೆಗೆ ನಡೆದೆ. ದಾರಿಯಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಇದೊಂದು ನನಗೆ ಅನುಮಾನವಿಲ್ಲದೆ ನೆನಪಿದೆ, ಯಾಕೆಂದರೆ ಅವರು ಮಾತಾಡದೆ ಇದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಮುಂದಿನ ವಾರ ಎಲ್ಲರೂ ಸೇರಿದಾಗ ಅವರು ಯಾರಿಗೂ ಚಾಪೆಯ ಮೇಲೆ ಕೂರಲು ಬಿಡಲಿಲ್ಲ. ಎರಡು ಕ್ಯಾನುಗಳನ್ನೂ ಅಂಗಳಕ್ಕೆ ಹೊರಿಸಿದರು.

"ಇವತ್ತು ಭಾಷ್ಣ ಇಲ್ಲ. ಎಲ್ಲಾರೂ ಒಳಕ್ ಬನ್ನಿ, ಬಾಗ್ಲು ಆಕಿ, ಸುಮ್ಕೆ ಕೂತ್ಕಳಿ."

ಕ್ಯಾನುಗಳೇ ಇಲ್ಲದ ಕೋಣೆಯಲ್ಲಿ ಚುಕ್ಕೆ ಮೆಲ್ಲಗೆ ಎಡಕ್ಕೆ ಹೊರಟಿತು. ಪ್ರತಿ ಭಾನುವಾರ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗಿ ನಿಂತಿತು.

"ಈಗ ಎಲ್ಲಾ ಆಚೆಗ್ ನಡೀರಿ."

ಬಾಗಿಲು ತೆಗೆದು ಹೊರಗೆ ನಿಂತೆವು. ಚುಕ್ಕೆ ವಾಪಸು ಬಂತು. ಟೀಚರು ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದು ಎಳೆಯ ಹತ್ತಿರ ಹಿಡಿದರು. ಚುಕ್ಕೆ ಗೋಡೆಯ ಮೇಲೆ ಓಡಿತು.

ಇಷ್ಟು ದಿನ ನಾವು ಅಳೆದದ್ದು ನಮ್ಮನ್ನೇ. ಹತ್ತು ಹನ್ನೆರಡು ಜನ ಮುಚ್ಚಿದ ಕೋಣೆಯಲ್ಲಿ ಕೂತು ಉಸಿರಾಡಿದರೆ ಗಾಳಿಗೆ ತೇವ ಬರುತ್ತದೆ. ಹುರಿ ಹಾಕಿದ ರೇಷ್ಮೆ ಆ ತೇವ ಕುಡಿದು ಹುರಿ ಬಿಚ್ಚುತ್ತದೆ. ಬಾಗಿಲು ತೆರೆದರೆ ಒಣಗಿ ಮತ್ತೆ ಬಿಗಿಯುತ್ತದೆ. ನಾವು ಕ್ಯಾನು ಬದಲಾಯಿಸುತ್ತಿದ್ದದ್ದೂ ಬಾಗಿಲು ತೆರೆಯುತ್ತಿದ್ದದ್ದೂ ಒಂದೇ ಗಳಿಗೆಯಲ್ಲಿ. ಉಪ್ಪಿಟ್ಟಿನ ಹೊತ್ತು ನಮ್ಮ ಪ್ರಯೋಗವನ್ನು ಅಷ್ಟು ಚೆನ್ನಾಗಿ ನಡೆಸಿಕೊಟ್ಟಿತ್ತು.

ಸಂದರ್ಶನ ಹತ್ತಿರ ಬಂದಿತ್ತು. ಕೆಮಿಸ್ಟರು, "ಮೇಡಂ, ನನ್ ಮಾತ್ ಕೇಳಿ. ಲೆಕ್ಕ ಸರಿಯಾಗೇ ಬಂದದೆ. ಅವ್ರೇನ್ ಇಲ್ಲಿಗ್ ಬಂದು ದಾರ ನೆಕ್ ನೋಡ್ತಾರಾ? ಸುಮ್ಕೆ ಇದ್ಬುಡಿ" ಎಂದರು.

"ಸುಮ್ಕೆ ಇದ್ರೆ ಸೀಟ್ ಕೊಡ್ತಾರೆ ಅಂತ್ಲೇ ಇಟ್ಕಳಿ" ಎಂದರು ಟೀಚರು. "ಆಮೇಲೆ ವರ್ಷಗಟ್ಲೆ ಏನ್ ಅಳೀಲಿ? ನಿಮ್ ಉಸ್ರಾ?"

"ಅದ್ನೇ ಅಳಿ."

ಹೀಗೆಂದದ್ದು ಪ್ರೊಫೆಸರು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ತಾನೇ ಹೇಳಿದ್ದು ಎನ್ನುತ್ತಾರೆ ಕೆಮಿಸ್ಟರು. ಯಾರೂ ಹೇಳಲಿಲ್ಲ, ತಾನು ಕೇಳಿದ ಪ್ರಶ್ನೆಯೇ ತನಗೆ ಉತ್ತರವಾಗಿ ಕೇಳಿಸಿತು ಎನ್ನುತ್ತಾರೆ ಟೀಚರು. ಪ್ರೊಫೆಸರನ್ನು ಕೇಳಿದರೆ, ಆ ಹೊತ್ತಿನಲ್ಲಿ ತಾನು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಗೊಣಗುತ್ತಿದ್ದೆ ಎನ್ನುತ್ತಾರೆ. ಅವರ ಹೆಂಡತಿ ಮಾತ್ರ, "ಯಾರೋ ಅಂದ್ರು, ಆಯ್ತಲ್ಲ! ತಿನ್ನಿ" ಎಂದು ತಟ್ಟೆ ಮುಂದಿಡುತ್ತಾರೆ. ನನಗೆ ಈಚೆಗೆ ಟೀಚರ ಮಾತೇ ಹೆಚ್ಚು ನಿಜ ಅನ್ನಿಸುತ್ತಿದೆ, ಆದರೂ ನನ್ನ ಕಿವಿಯಲ್ಲಿ ಇರುವುದು ಪ್ರೊಫೆಸರ ದನಿ.

ಟೀಚರು ಅರ್ಜಿಯ ವಿಷಯವನ್ನೇ ಬದಲಿಸಿದರು. ರೇಷ್ಮೆ ಎಳೆ ತೇವಕ್ಕೆ ಹೇಗೆ ತಿರುಗುತ್ತದೆ, ಹುರಿ ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂದು ಹೊಸದಾಗಿ ಬರೆದರು. ಪ್ರೊಫೆಸರು ಒಂದು ಚಿಕ್ಕ ಸ್ಟ್ಯಾಂಡು ಮಾಡಿಕೊಟ್ಟರು. ಕೋಲು, ಕನ್ನಡಿ, ಲೇಸರು, ಎಳೆ ಎಲ್ಲವನ್ನೂ ಒಂದು ಮಿಕ್ಸಿಯ ಡಬ್ಬದಲ್ಲಿ ತುಂಬಿಕೊಂಡು ಅವರು ಮೈಸೂರಿನ ಬಸ್ಸು ಹತ್ತಿದರು. "ತಾಯಿ, ಏನ್ ಆದ್ರೂ ಫೋನ್ ಮಾಡು" ಎಂದರು ಪ್ರೊಫೆಸರು.

ಅವತ್ತು ಭಾನುವಾರವಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ನಾವೆಲ್ಲ ಒಬ್ಬೊಬ್ಬರಾಗಿ ಆ ಮನೆ ಸೇರಿದ್ದೆವು. ಕೆಮಿಸ್ಟರು ಶಿಫ್ಟು ಬದಲಿಸಿಕೊಂಡು ಬಂದಿದ್ದರು. ಫೋನು ಬಂದದ್ದು ಸಂಜೆ. ಪ್ರೊಫೆಸರು ಸ್ಪೀಕರ್ ಹಾಕಿದರು. ಹಿಂದೆ ಬಸ್ಸಿನ ಸದ್ದು.

"ಸಾ, ಆ ರೂಮಲ್ಲಿ ಎ.ಸಿ. ಇತ್ತು ಸಾ!"

"ಅಯ್ಯೋ ಶಿವನೇ" ಎಂದರು ಪ್ರೊಫೆಸರು. ಎ.ಸಿ. ಗಾಳಿಯ ತೇವವನ್ನೆಲ್ಲ ಹೀರಿಬಿಡುತ್ತದೆ ಎಂಬುದು ನಮಗೆಲ್ಲ ಒಟ್ಟಿಗೆ ಹೊಳೆಯಿತು.

"ಜನ ಕೂತಷ್ಟೂ ಚುಕ್ಕೆ ಎಡಕ್ ಓಯ್ತದೆ ಅಂತ ಬಾಯ್ಬುಟ್ಟು ಹೇಳ್ಬುಟ್ಟಿದ್ದೆ ಸಾ. ಅದು ನೋಡಿದ್ರೆ ಬಲಕ್ ಓಯ್ತಾ ಅದೆ. ಅವ್ರು ಒಬ್ರ ಮಕ ಒಬ್ರು ನೋಡ್ಕಂಡು ನಗಾಡ್ತಾವ್ರೆ."

"ಆಮೇಲೆ?"

"ಆಮೇಲೆ ಮೇಲ್ಗಡೆ ನೋಡ್ದೆ. ಎ.ಸಿ. ಆರಿಸಿ ಸಾರ್, ಈಗ ನೋಡಿ ಅಂದೆ. ಆರಿಸಿದ್ರು. ಕಿಟ್ಕಿನೂ ಮುಚ್ಚಿಸ್ದೆ. ಎಲ್ಲಾರೂ ಬೆವ್ರು ಒರೆಸ್ಕಂಡ್ ಕೂತ್ರು. ಅರ್ಧ ಗಂಟೆ ಬಿಡ್ದಂಗೆ ಕೂರಿಸ್ದೆ ಸಾ. ಚುಕ್ಕೆ ನಿಂತ್ಕತು, ತಿರುಗ್ಕತು, ಎಡಕ್ ಬಂತು. ಒಬ್ರು ಕೋಟ್ ಬಿಚ್ಚಾಕಿ ಗೋಡೆ ಹತ್ರನೇ ಓಗಿ ನಿಂತಿದ್ರು."

"ಅದೆಲ್ಲಾ ಇರ್ಲಿ, ತಕಂಡ್ರಾ ಇಲ್ವಾ? ಅದ್ ಹೇಳಮ್ಮ!" ಎಂದು ಅಡುಗೆಮನೆಯ ಬಾಗಿಲಿನಿಂದ ಪ್ರೊಫೆಸರ ಹೆಂಡತಿ ಕೂಗಿದರು.

"ತಕಂಡ್ರು ಅಮ್ಮ."

ಹುಡುಗರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಆಚೆಗೆ ಬಂದರು. ಕೆಮಿಸ್ಟರು ನನ್ನ ಬೆನ್ನಿಗೆ ಗುದ್ದಿದರು, ನಾನು ಯಾರ ಬೆನ್ನಿಗೋ ಗುದ್ದಿದೆ. ಗದ್ದಲದಲ್ಲಿ ಫೋನು ಕಟ್ಟಾಗಿತ್ತು.

ಪ್ರೊಫೆಸರು ಮಾತ್ರ ಕೈಯಲ್ಲಿದ್ದ ಫೋನನ್ನೇ ನೋಡುತ್ತಾ ನಿಂತಿದ್ದರು. ಕಣ್ಣು ಒದ್ದೆಯಾಗಿದೆ ಎಂದು ನನಗೆ ಕಂಡಿತು. ಹತ್ತಿರ ಹೋದೆ.

"ಆ ರೂಮಲ್ಲಿ ಎಷ್ಟ್ ಜನ ಇದ್ರು ಅಂತ ಕೇಳ್ನೇ ಇಲ್ವಲ್ಲೋ!" ಎಂದು ಅವರು ಮತ್ತೆ ನಂಬರು ಒತ್ತತೊಡಗಿದರು.