ಮೇಜು ಓಡೋದಿಲ್ಲ ಎಂದವರು

ಅವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರು ಇರಬೇಕಾದ ಕಡೆ ನುಣುಪಾದ ಚರ್ಮ, ಅದರ ನಡುವೆ ಹೊಲಿಗೆಯ ಬಿಳಿ ಗುರುತು. ಜಪಾನಿನ ತ್ಸುಕುಬಾದ ಸಂಶೋಧನಾಲಯವೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಮುಂದೆ ನಿಂತು ಕೆಲಸ ಮಾಡಿದವರು. ಯಾವತ್ತೋ ಒಂದು ದಿನ ಅವಸರ ಮಾಡಿದ್ದಕ್ಕೆ ಯಂತ್ರ ಅಷ್ಟನ್ನು ತನ್ನ ಪಾಲಿಗೆ ಇಟ್ಟುಕೊಂಡಿತಂತೆ. ಆ ಮೊಂಡು ಬೆರಳನ್ನೇ ಅವರು ದಿನಕ್ಕೆ ನೂರು ಸಲ ಮುಂದೆ ಚಾಚುತ್ತಿದ್ದರು. ಮನೆ ಬಿಡುವಾಗ ಗ್ಯಾಸ್ ಒಲೆಗೆ ಬೆರಳು ಮಾಡಿ "ಯೋಶಿ", ಕಿಟಕಿಗೆ ಬೆರಳು ಮಾಡಿ "ಯೋಶಿ", ಬೀಗಕ್ಕೆ ಬೆರಳು ಮಾಡಿ "ಯೋಶಿ". ಎಲ್ಲ ಸರಿಯಿದೆ ಎಂದು ಅರ್ಥ. ಅಲ್ಲಿ ರೈಲು ಓಡಿಸುವವರು, ಕಾರ್ಖಾನೆಯವರು ಹೀಗೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿಯೇ ಮುಂದಿನ ಕೆಲಸಕ್ಕೆ ಕೈಹಾಕುವುದು. ಇವರು ನಿವೃತ್ತರಾದ ಮೇಲೂ ಅದನ್ನು ಬಿಟ್ಟಿರಲಿಲ್ಲ.

ನನ್ನ ಹೆಂಡತಿ ಅವರಿಗೆ ಇಟ್ಟ ಹೆಸರು 'ದಾಳದ ತಾತ'. ಅವರು ನನ್ನನ್ನು ಕರೆಯುತ್ತಿದ್ದದ್ದು 'ಮೈಸೂರು-ಸಾನ್' ಎಂದು, ಮೈಸೂರಿನವರೇ ಎಂಬ ಹಾಗೆ. ನನ್ನ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ, ಊರಿನ ಹೆಸರು ಹೇಗೋ ಹೊರಳಿತು. ನಾವು ಮಾತಾಡಿದ್ದೆಲ್ಲ ನನ್ನ ಹರುಕು ಜಪಾನಿಯಲ್ಲಿ. ಅದನ್ನು ಇಲ್ಲಿ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ನಾನು ಟೋಕಿಯೋಗೆ ಹೋದದ್ದು ಇಸವಿ ತಿದ್ದುವ ಕೂಲಿಯವನಾಗಿ. ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡದಿದ್ದರೆ ಎರಡು ಸಾವಿರನೇ ಇಸವಿಗೆ ಲೋಕದ ಕಂಪ್ಯೂಟರುಗಳೆಲ್ಲ ಕುಸಿದುಬೀಳುತ್ತವೆ ಎಂಬ ಗುಲ್ಲು ಆಗ. ನಮ್ಮ ಕಂಪನಿ ನಮ್ಮನ್ನು ಮಿನಾಟೋದ ಒಂದು ಆಫೀಸಿಗೆ ಕಳಿಸಿತ್ತು. ಜನವರಿ ಬಂತು, ಏನೂ ಕುಸಿಯಲಿಲ್ಲ, ನಮಗೆಲ್ಲ ಒಂದೊಂದು ಗಡಿಯಾರ ಉಡುಗೊರೆ ಕೊಟ್ಟು ಬೇರೆ ಕೆಲಸಕ್ಕೆ ಅಲ್ಲೇ ಉಳಿಸಿಕೊಂಡರು. ಆ ತಿಂಗಳೇ ನನ್ನ ಹಳೆಯ ಹಾಸ್ಟೆಲ್ ಗೆಳೆಯರಿಗೆ ಹಳೆಯ ಆಟವನ್ನು ಮತ್ತೆ ಆಡುವ ಹುಚ್ಚು ಹತ್ತಿತು. ಮೈಸೂರಿನಲ್ಲಿ ಓದುವಾಗ ನಾವು ಝೆರಾಕ್ಸ್ ಪುಸ್ತಕವೊಂದನ್ನು ಇಟ್ಟುಕೊಂಡು ಪಾತ್ರದ ಆಟ ಆಡುತ್ತಿದ್ದೆವು. ಮೇಜಿನ ಸುತ್ತ ಕೂತ ನಾಲ್ಕೈದು ಜನರಲ್ಲಿ ಒಬ್ಬ ಕತೆ ಕಟ್ಟುತ್ತಾನೆ. ಉಳಿದವರು ಒಬ್ಬ ಕಳ್ಳ, ಒಬ್ಬ ಯೋಧ, ಒಬ್ಬ ವೈದ್ಯನಾಗಿ ಆ ಕತೆಯೊಳಗೆ ಹೊಕ್ಕು ಆಡುತ್ತಾರೆ. "ನಾನು ಬಾಗಿಲು ಒಡೀತೀನಿ" ಎಂದರೆ ಸಾಲದು, ಒಡೆಯಿತೋ ಇಲ್ಲವೋ ದಾಳ ಹೇಳಬೇಕು. ಈಗ ಗೆಳೆಯರು ನಾಲ್ಕು ದೇಶಗಳಲ್ಲಿದ್ದರು. ಮೇಜನ್ನು ಎಲ್ಲಿ ಹಾಕುವುದು?

ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಸಿಕ್ಕಿದ್ದು ತ್ಸುಕುಬಾದವರೊಬ್ಬರು ಬರೆದು, ಒಳಗಿನ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಪ್ರೋಗ್ರಾಮು. ಅದು ಆ ಮೇಜನ್ನೇ ಎಲ್ಲರ ಪರದೆಯ ಮೇಲೆ ಹಾಸುತ್ತಿತ್ತು: ನಕ್ಷೆ, ಕಾಯಿಗಳು, ದಾಳ, ಮಾತು. ಆದರೆ ನಮ್ಮ ಆಟವನ್ನು ಉಳಿಸಿಟ್ಟ ಕೂಡಲೇ ಅದು ಹತ್ತೊಂಬತ್ತು ಸಾವಿರದ ನೂರನೇ ಇಸವಿ ಎಂದು ಬರೆದುಕೊಂಡಿತು. ನನಗೆ ನಗು ತಡೆಯಲಾಗಲಿಲ್ಲ. ಕಸುಬೇ ಅದಾದ್ದರಿಂದ ಹತ್ತು ನಿಮಿಷದಲ್ಲಿ ತಿದ್ದಿ ಕಳಿಸಿದೆ. ಉತ್ತರವಾಗಿ ಬಂದದ್ದು ಅರ್ಧ ಪುಟ ಕ್ಷಮಾಪಣೆ, ಕೊನೆಗೆ ಭಾನುವಾರ ಊಟಕ್ಕೆ ಬನ್ನಿ ಎಂಬ ಕರೆ.

ಹೀಗೆ ಶುರುವಾದ ಭಾನುವಾರಗಳು ಮೂರು ವರ್ಷ ನಡೆದವು. ಟೋಕಿಯೋದಿಂದ ಬಸ್ಸು, ಇಳಿದ ಮೇಲೆ ಅವರು ಸೈಕಲ್ ತಳ್ಳಿಕೊಂಡು ಬಂದು ನಿಂತಿರುತ್ತಿದ್ದರು, ನನ್ನ ಮಗಳನ್ನು ಹಿಂದಿನ ಸೀಟಿಗೆ ಕೂರಿಸಿ ತಾವು ನಡೆಯುತ್ತಿದ್ದರು. ನಾವು ಮೀನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅವರ ಹೆಂಡತಿ ಸಾರಿಗೆ ಮೀನಿನ ಪುಡಿ ಹಾಕುವುದನ್ನು ಬಿಟ್ಟು ಕಡಲಪಾಚಿ ಒಂದರಲ್ಲೇ ಕುದಿಸುತ್ತಿದ್ದರು. ನನ್ನ ಹೆಂಡತಿ ಡಬ್ಬಿಯಲ್ಲಿ ಚಿತ್ರಾನ್ನ ತರುತ್ತಿದ್ದಳು. ತಾತ ಕಡಲೆಬೀಜಗಳನ್ನೆಲ್ಲ ಹೆಕ್ಕಿ ಒಂದು ಬದಿಗಿಟ್ಟು ಕೊನೆಯಲ್ಲಿ ಒಂದೊಂದಾಗಿ ತಿನ್ನುತ್ತಿದ್ದರು. ಮಗಳು ಅವರೊಡನೆ ಜಪಾನಿಯಲ್ಲಿ ಹರಟಿ, ನಾವು ಕನ್ನಡದಲ್ಲಿ ಏನಾದರೂ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಊಟವಾದ ಮೇಲೆ ಅವರ ಭಾನುವಾರದ ಆಟ. ಪರದೆಯ ಮೇಲೆ ಐದು ಆಸನ: ತಾತ ಕತೆಗಾರರು, ನಾನೊಬ್ಬ ಕಳ್ಳ, ಸೆಂದೈ ಮತ್ತು ಒಸಾಕಾದ ಇಬ್ಬರು ಯೋಧರು, ಫುಕುವೋಕಾದ ಒಬ್ಬ ವೈದ್ಯೆ. ಆ ಪ್ರೋಗ್ರಾಮಿಗೆ ಒಂದು ವಿಚಿತ್ರ ನಡೆ ಇತ್ತು. ಐದು ಜನರೂ 'ಯೋಶಿ' ಎಂಬ ಗುಂಡಿ ಒತ್ತುವ ತನಕ ಅದು ಮುಂದೆ ಹೋಗುತ್ತಿರಲಿಲ್ಲ. ಯಾರು ಒತ್ತಿದ್ದಾರೆ, ಯಾರು ಇನ್ನೂ ಒತ್ತಿಲ್ಲ ಎಂದೂ ತೋರಿಸುತ್ತಿರಲಿಲ್ಲ. ಒಮ್ಮೊಮ್ಮೆ ಹತ್ತು ನಿಮಿಷ ಪರದೆ ಕದಲುತ್ತಿರಲಿಲ್ಲ. ಆ ಹೊತ್ತಿನಲ್ಲಿ ತಾತ ಚಹಾ ಸುರಿಯುತ್ತಿದ್ದರು. ನಾನು ಚಡಪಡಿಸಿದರೆ ಅವರದೊಂದೇ ಮಾತು:

"ಮೇಜಿಗೆ ನಾಲ್ಕು ಕಾಲಿದೆ ಮೈಸೂರು-ಸಾನ್. ಹಾಗಂತ ಅದು ಓಡೋದಿಲ್ಲ."

ತಡವಾಗುತ್ತಿದ್ದದ್ದು ಫುಕುವೋಕಾದ ಆಸನದಿಂದ ಎಂದು ನನಗೆ ಗೊತ್ತಿತ್ತು, ಅವರ ಸಾಲುಗಳು ಚಿಕ್ಕವು, ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವು. ಯಾಕೆ ಎಂದು ನಾನು ಮೂರು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಅಗ್ಗದ ಮೋಡೆಮ್ ಇರಬೇಕು ಅಂದುಕೊಂಡಿದ್ದೆ.

ಅಷ್ಟರಲ್ಲಿ ನನಗೆ ತಲೆ ತಿರುಗಿತ್ತು. ಪ್ರೋಗ್ರಾಮಿನ ಕೈಪಿಡಿಯನ್ನು ಇಂಗ್ಲಿಷಿಗೆ ತಂದವನು ನಾನು. ಅದರಿಂದ ದೂರದ ದೇಶಗಳವರೆಲ್ಲ ಬಂದರು. ಅದನ್ನು ಬಳಸುವವರೆಲ್ಲ ಒಟ್ಟಿಗೆ ಪತ್ರ ಹಂಚಿಕೊಳ್ಳುವ ಮೇಲಿಂಗ್ ಲಿಸ್ಟಿನಲ್ಲಿ ದಿನಕ್ಕೆ ಇಪ್ಪತ್ತು ಪತ್ರ, ಅದರಲ್ಲಿ ಐದಾದರೂ ನನ್ನನ್ನು ಹೊಗಳುವಂಥವು. ತಾತ ನನಗೂ ಕೋಡಿನ ಬೀಗದ ಕೈ ಕೊಟ್ಟಿದ್ದರು, ಹೊಸ ಆವೃತ್ತಿ ಹೊರಡಿಸುವ ಹಕ್ಕು ಈಗ ಇಬ್ಬರಿಗೂ ಇತ್ತು. ಮನೆಮನೆಗೆ ವೇಗದ ಲೈನ್ ಬರುತ್ತಿದ್ದ ಕಾಲ. ಹೊಸಬರಿಗೆ ತಾಳ್ಮೆ ಇರಲಿಲ್ಲ. ಒಬ್ಬರಿಗಾಗಿ ಇಡೀ ಮೇಜು ಯಾಕೆ ಕಾಯಬೇಕು, ಒಂದು ನಿಮಿಷದ ಗಡುವು ಹಾಕಿ ಎಂದು ವಾರವಾರವೂ ಬರೆದರು. ನನಗೂ ಅದೇ ಸರಿ ಎನಿಸಿತು. ಒಂದು ಭಾನುವಾರ ತಾತನ ಮುಂದೆ ವಿಷಯ ಇಟ್ಟೆ.

ಅವರು ಹಲ್ಲಿನ ಸಂದಿಯಿಂದ ಗಾಳಿ ಒಳಗೆಳೆದುಕೊಂಡರು. ತಲೆ ಒಂದು ಕಡೆಗೆ ವಾಲಿಸಿದರು. "ಹೌದಲ್ಲ... ಅದು ಸ್ವಲ್ಪ ಕಷ್ಟ ಆಗಬಹುದೇನೋ," ಎಂದು ನನ್ನ ಲೋಟಕ್ಕೆ ಮತ್ತೆ ಚಹಾ ಸುರಿದರು.

ಜಪಾನಿನಲ್ಲಿ ಒಂದು ವರ್ಷ ಇದ್ದ ಯಾರಿಗಾದರೂ ಇದರ ಅರ್ಥ ಗೊತ್ತು. ಅದು ಖಂಡಿತ ಬೇಡ ಎಂಬ ಮಾತು. ನನಗೆ ಗೊತ್ತಿರಲಿಲ್ಲವೇ? ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರಿಗೆ ಆಫೀಸಿನಲ್ಲಿ ಪಾಠ ಹೇಳುತ್ತಿದ್ದವನೇ ನಾನು. "ಕ್ಲೈಂಟ್ ಹಲ್ಲು ಕಚ್ಕೊಂಡು ಗಾಳಿ ಎಳೆದ್ರೆ ಮೀಟಿಂಗ್ ಮುಗೀತು ಅಂತ ಅರ್ಥ ಕಣ್ರೋ. ಕಷ್ಟ ಅಂದ್ರೆ ನೋ. ಫಾಲೋ-ಅಪ್ ಗೀಲೋ-ಅಪ್ ಅಂತ ಹಿಂದೆ ಬೀಳ್ಬೇಡಿ, ಮರ್ಯಾದೆ ಹೋಗುತ್ತೆ." ಹೀಗೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅದೇ ನಾನು ಅಂದು ಏನೂ ತಿಳಿಯದ ಪರದೇಶಿಯ ಮುಖ ಮಾಡಿಕೊಂಡು ಚಹಾ ಕುಡಿದು ಎದ್ದುಬಂದೆ.

ಮುಂದಿನ ತಿಂಗಳು ತಾತನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ವಾರ ಪರದೆ ನೋಡಬಾರದು ಎಂದರು ಡಾಕ್ಟರು. ಆ ಎರಡು ವಾರದಲ್ಲಿ ನಾನು ಹೊಸ ಆವೃತ್ತಿ ಹೊರಡಿಸಿದೆ. ಅರವತ್ತು ಸೆಕೆಂಡಿನಲ್ಲಿ ಯೋಶಿ ಒತ್ತದವರನ್ನು ಮೇಜು ದಾಟಿ ಹೋಗುತ್ತದೆ. ಯಾರನ್ನು ದಾಟಿತೆಂದು ಎಲ್ಲರ ಪರದೆಯ ಮೇಲೂ ಕೆಂಪಕ್ಷರದಲ್ಲಿ ಬರುತ್ತದೆ. ಲಿಸ್ಟಿನಲ್ಲಿ ನನಗೆ ಶಹಬ್ಬಾಸ್‌ಗಿರಿಯ ಸುರಿಮಳೆ.

ಆ ಭಾನುವಾರ ತಾತನ ಬದಲು ಕತೆ ನಡೆಸಿದವನು ನಾನೇ, ನನ್ನ ಮನೆಯಿಂದ. ಒಸಾಕಾದ ಯೋಧನಿಗೆ ಬಾಣ ತಗುಲಿತ್ತು. ವೈದ್ಯೆಯ ಸರದಿ. ಅರವತ್ತು ಸೆಕೆಂಡು ಕಳೆಯಿತು. 'ವೈದ್ಯೆ ಸುಮ್ಮನಿದ್ದಾಳೆ' ಎಂದು ಕೆಂಪಕ್ಷರ ಬಂತು. ಇನ್ನೊಂದು ಸುತ್ತು, ಮತ್ತೆ ಅದೇ. ಮೂರನೆಯ ಸುತ್ತಿನಲ್ಲಿ ದಾಳ ಕೆಟ್ಟು ಬಿದ್ದು ಯೋಧ ಸತ್ತ. ಆಟ ಇನ್ನೂ ಎರಡು ಸುತ್ತು ಮುಂದೆ ಹೋದ ಮೇಲೆ ಫುಕುವೋಕಾದಿಂದ ಒಂದು ಸಾಲು ಬಂತು: "ನಾನು ಗಾಯಕ್ಕೆ ಬಟ್ಟೆ ಕಟ್ಟುತ್ತೇನೆ."

ಒಸಾಕಾದವನು, ಒಳ್ಳೆಯವನೇ, "ಪರವಾಗಿಲ್ಲ, ತಡವಾಯಿತು," ಎಂದು ಬರೆದ. ಎಷ್ಟೋ ನಿಮಿಷಗಳ ನಂತರ "ಸುಮಿಮಾಸೆನ್" ಎಂಬ ಒಂದೇ ಪದ ಬಂತು. ಕ್ಷಮಿಸಿ. ಆಮೇಲೆ ಆ ಆಸನ ಖಾಲಿಯಾಯಿತು. ನಾನು ಆಟ ಮುಂದುವರಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ತಾತ ನನ್ನನ್ನು ಕರೆಸಿದರು. ಮೇಜಿನ ಮೇಲೆ ಒಂದು ಪುಟ್ಟ ಅಲ್ಯೂಮಿನಿಯಂ ಬಿಲ್ಲೆ ಇಟ್ಟರು, ನಡುವೆ ಒಂದು ಮೆತ್ತನೆ ಗುಂಡಿ. ಅವರೇ ಲೇತ್‌ನಲ್ಲಿ ಕಡೆದದ್ದು.

"ಇದರ ಜೋಡಿ ಫುಕುವೋಕಾದಲ್ಲಿದೆ," ಎಂದರು. "ಕೆನ್ನೆಯಿಂದ ಒತ್ತೋದು. ನಮ್ಮ ಆಟದ ವೈದ್ಯೆ ನನ್ನ ಜೊತೆ ಕೆಲಸ ಮಾಡ್ತಿದ್ದವರ ಮಗಳು. ಸ್ನಾಯುಗಳ ಕಾಯಿಲೆ. ಒಂದು ಅಕ್ಷರ ಆರಿಸೋಕೆ ಆರೇಳು ಸಲ ಒತ್ತಬೇಕು. ಅವಳೂ ಒಂದು ಮೇಜಿಗೆ ಕೂತ್ಕೊಳ್ಳಲಿ ಅಂತ ಇದನ್ನೆಲ್ಲ ಶುರು ಮಾಡಿದ್ದು."

ಇದನ್ನೆಲ್ಲ ಎಂದರೆ ಇಡೀ ಪ್ರೋಗ್ರಾಮನ್ನು. ಮೊದಲು ಬಂದದ್ದು ಆ ಆಸನ, ಮೇಜು ಆಮೇಲೆ. ಯಾರು ತಡಮಾಡಿದರೆಂದು ಅದು ತೋರಿಸದಿದ್ದದ್ದೂ ಮರೆವಿನಿಂದಲ್ಲ. ಆಟದ ನಡೆಯೇ ಹಾಗೆ, ಎಲ್ಲರೂ ಯೋಚಿಸುತ್ತ ಕೂರುತ್ತಾರೆ ಎಂದು ಆಕೆ ನಾಲ್ಕು ವರ್ಷ ನಂಬಿದ್ದರು. ತಮಗಾಗಿ ನಾಲ್ಕು ಜನ ಕಾಯುತ್ತಿದ್ದರೆಂದು ಅವರಿಗೆ ತಿಳಿಸಿಕೊಟ್ಟದ್ದು ನನ್ನ ಕೆಂಪಕ್ಷರ.

ಬಯ್ಯಲಿ ಎಂದು ಕಾದೆ. ಬೈಗುಳದ ಬದಲು ತಾತ ಚಾಪೆಯ ಮೇಲೆ ನೆಟ್ಟಗೆ ಕೂತು, ಎರಡೂ ಕೈ ನೆಲಕ್ಕೆ ಊರಿ, ನನ್ನ ಮುಂದೆ ತಲೆ ಬಗ್ಗಿಸಿದರು.

"ತಪ್ಪು ನನ್ನದು ಮೈಸೂರು-ಸಾನ್. ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗಿತ್ತು. ನೀವು ಹೊರದೇಶದವರು, ನಮ್ಮ ಸುತ್ತುಬಳಸು ಮಾತು ನಿಮಗೆ ಹೇಗೆ ಅರ್ಥ ಆಗಬೇಕು?"

ನನಗೆ ಅರ್ಥವಾಗಿತ್ತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವರ ನರೆಗೂದಲ ನೆತ್ತಿ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಹೇಳಿದ್ದು ಇಷ್ಟೇ: "ಪರವಾಗಿಲ್ಲ, ಏಳಿ, ಏಳಿ." ಆ ಹಿರಿಯರ ಕ್ಷಮೆಯನ್ನು ನಾನು ಸ್ವೀಕರಿಸಿದೆ. ಜೀವನದಲ್ಲಿ ಅದಕ್ಕಿಂತ ಹೇಡಿ ಕೆಲಸ ನಾನು ಮಾಡಿಲ್ಲ.

ಅಂದೇ ಅವರು ನನ್ನ ಗಡುವನ್ನು ತೆಗೆದು ಹಳೆಯ ನಡೆಯನ್ನು ಮರಳಿಸಿದರು. ಲಿಸ್ಟಿನಲ್ಲಿ ತಪ್ಪೆಲ್ಲ ತಮ್ಮ ಮೇಲೆ ಹಾಕಿಕೊಂಡು ಬರೆದರು. ಮಿಠಾಯಿಯ ಡಬ್ಬಿ ಕಟ್ಟಿಸಿಕೊಂಡು, ಫುಕುವೋಕಾದ ತನಕ ರೈಲಿನಲ್ಲಿ ಹೋಗಿ ಆಕೆಯ ಮುಂದೆಯೂ ತಲೆ ಬಗ್ಗಿಸಿ ಬಂದರು. ಆಕೆ ನಕ್ಕರಂತೆ, ಮಿಠಾಯಿ ಇಷ್ಟವಾಯಿತು ಎಂದರಂತೆ. ಆಟಕ್ಕೆ ಮಾತ್ರ ಮತ್ತೆ ಬರಲಿಲ್ಲ. ಕೋಡನ್ನು ಹಿಂದಕ್ಕೆ ಒಯ್ಯುವುದು ಐದು ನಿಮಿಷದ ಕೆಲಸ. ಒಬ್ಬರಿಗೆ ಒಮ್ಮೆ ತಿಳಿದುಹೋದದ್ದನ್ನು ಹಿಂದಕ್ಕೆ ಒಯ್ಯಲು ನನಗೆ ಯಾವ ದಾರಿಯೂ ತೋಚಲಿಲ್ಲ.

"ಅವರಿಗೆ ನಿಜ ಹೇಳ್ಬಿಡಿ ರೀ," ಎಂದಳು ನನ್ನ ಹೆಂಡತಿ. "ಹೀಗೆ ರಾತ್ರಿ-ಹಗಲು ಮುಖ ಸಪ್ಪಗೆ ಮಾಡ್ಕೊಂಡ್ ಕೂತ್ರೆ ಯಾರಿಗೆ ಯೂಸು? ಹೋಗಿ ಸಾರಿ ಕೇಳಿ, ಇಟ್ಸ್ ಓವರ್."

ಹೇಳುತ್ತೇನೆ ಎಂದೆ. ಒಂದು ವರ್ಷ ಹಾಗೆಯೇ ಕಳೆಯಿತು. ಕಂಪನಿ ನಮ್ಮನ್ನೆಲ್ಲ ವಾಪಸು ಕರೆಸಿಕೊಳ್ಳುತ್ತಿದ್ದ ಹೊತ್ತಿಗೆ ತಾತನಿಗೆ ಪಾರ್ಶ್ವವಾಯು ಬಡಿಯಿತು. ಊರಿಗೆ ಹೊರಡುವ ವಾರ ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವರಿಗೆ ಮಾತು ಪೂರ್ತಿ ಹೋಗಿರಲಿಲ್ಲ, ಬಹಳ ನಿಧಾನವಾಗಿತ್ತು. ಅವರ ಹೆಂಡತಿ ಪಕ್ಕದಲ್ಲಿ ಕೂತು ಸೇಬು ಹೆಚ್ಚುತ್ತಿದ್ದರು. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಅವತ್ತು ನೀವು ಕಷ್ಟ ಅಂದಿದ್ದು ಬೇಡ ಅಂತಲೇ ಎಂದು ನನಗೆ ಅರ್ಥ ಆಗಿತ್ತು. ಅರ್ಥ ಆಗಿಯೂ ಮಾಡಿದೆ."

ತಾತ ನನ್ನನ್ನೇ ನೋಡಿದರು. "ಮೈಸೂರು-ಸಾನ್," ಎಂದರು. ತುಟಿ ಅಲುಗಿತು. "ನಾನು..." ಎಂದು ನಿಂತರು. ಮುಂದಿನ ಮಾತಿಗೆ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಂದು ನಿಮಿಷವಾಗಿರಬಹುದು, ಎರಡಾಗಿರಬಹುದು. ಕ್ಷಮಿಸಿದೆ ಎನ್ನುತ್ತಾರೋ, ಇಲ್ಲ ಎನ್ನುತ್ತಾರೋ, ಎರಡನ್ನೂ ಕೇಳುವ ಧೈರ್ಯ ನನಗಿರಲಿಲ್ಲ.

"ಆಯಾಸ ಮಾಡ್ಕೋಬೇಡಿ, ಇನ್ನೊಂದು ದಿನ ಬರ್ತೀನಿ," ಎಂದು ಎದ್ದುಬಿಟ್ಟೆ. ಅವರ ಬಾಯಿ ಇನ್ನೂ ತೆರೆದೇ ಇತ್ತು. ಮೂರು ದಿನಕ್ಕೆ ನಾನು ವಿಮಾನ ಹತ್ತಿದೆ.

ಆ ವರ್ಷವೇ ಅವರು ತೀರಿಕೊಂಡರು. ಬೆಂಗಳೂರಿನ ವಿಳಾಸಕ್ಕೆ ಅವರ ಹೆಂಡತಿಯ ಕಾಗದ ಬಂತು, ನನಗೆ ಓದಲು ಸುಲಭವಾಗಲೆಂದು ಅಕ್ಷರಗಳನ್ನು ದೊಡ್ಡದಾಗಿ ಬಿಡಿಬಿಡಿಯಾಗಿ ಬರೆದಿದ್ದರು. ಕೊನೆಯಲ್ಲಿ ಹೀಗಿತ್ತು: "ಆ ದಿನ ನೀವು ಹೊರಟ ಮೇಲೆ ಅವರು ನಿಮಗೆ ಹೇಳಬೇಕೆಂದಿದ್ದ ಮಾತನ್ನು ಪೂರ್ತಿ ಹೇಳಿದರು. ತಿಳಿಯಬೇಕೆನಿಸಿದರೆ ದಯವಿಟ್ಟು ಬರೆಯಿರಿ, ತಿಳಿಸುತ್ತೇನೆ."

ಸಾಂತ್ವನದ ಉತ್ತರ ಬರೆದೆ. ಆ ಮಾತು ಏನೆಂದು ಕೇಳಲಿಲ್ಲ. ಅವರಿಗೂ ಈಗ ತುಂಬ ವಯಸ್ಸಾಗಿದೆ. ಪ್ರತಿ ಹೊಸವರ್ಷಕ್ಕೆ ಅವರಿಂದ ಒಂದು ಶುಭಾಶಯದ ಕಾರ್ಡು ಬರುತ್ತದೆ. ಅದರಲ್ಲಿ ಅವರು ಆ ವಿಷಯ ಎತ್ತುವುದಿಲ್ಲ, ನಾನು ಕೇಳಲಿ ಎಂದು ಕಾಯುತ್ತಿದ್ದಾರೆ.