ಅವ್ವನಿಗೆ ಶಾಲು ಹೊದಿಸಿದವರು

ಮನೆಗೆ ಯಾರಾದರೂ ಬಾಳೆಹಣ್ಣು ಹಿಡಿದುಕೊಂಡು ಬಂದರೆ ನಾನು ಮೊದಲು ನೋಡುವುದು ಹಣ್ಣನ್ನಲ್ಲ, ಬಂದವರ ಮುಖವನ್ನು. ಇವರಿಗೆ ಏನು ಬೇಕಾಗಿದೆ ಎಂದು ಹುಡುಕುತ್ತೇನೆ. ಈ ಗುಣ ಅವ್ವನಿಂದ ಬಂದದ್ದು. ನನ್ನ ತಮ್ಮ ನಮ್ಮಿಬ್ಬರಿಗೂ ಸಂಶಯದ ಪಿಶಾಚಿಗಳು ಎಂದು ಹೆಸರಿಟ್ಟಿದ್ದಾನೆ. ಹಾಗಾಗಿ ಆ ರವಿವಾರ ಇಳಕಲ್ಲಿನ ಮನೆಗೆ ಮೂವರು ಹಿರಿಯರು ಹಣ್ಣು, ಹೂವು, ಒಂದು ಆಮಂತ್ರಣ ಪತ್ರ ಹಿಡಿದು ಬಂದಾಗ ಅವ್ವ ಅವರಿಗೆ ನೀರು ಕೊಡುವ ಮೊದಲೇ ಕೇಳಿಬಿಟ್ಟಳು, "ಯಾಕ ಬಂದೀರಿ?"

ಬಂದದ್ದು ಸನ್ಮಾನಕ್ಕೆ ಕರೆಯಲು. ಅವರಲ್ಲಿ ಹುನಗುಂದದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು ಮುಂದಾಳು. "ನಲವತ್ತು ವರ್ಷ ಸೇವಾ ಮಾಡೀರಿ ಅವ್ವಾರ. ಅಜ್ಜಾರ ಕೈಯಿಂದ ನಿಮಗೊಂದು ಶಾಲು ಹೊಚ್ಚಸಬೇಕಂತ ಮಾಡೇವಿ" ಎಂದರು. ಅಜ್ಜಾರು ಎಂದರೆ ಮಠದ ಸ್ವಾಮಿಗಳು, ಬಂದವರು ಆ ಮಠದ ಸೇವಾ ಸಮಿತಿಯವರು.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕ ನೆಪ್ಪಾತು?" ಎಂದಳು ಅವ್ವ. ಅವರು ನನ್ನ ಮುಖ ನೋಡಿ ನಕ್ಕರು. ಅವ್ವ ನಗಲಿಲ್ಲ, ನಾನೂ ನಗಲಿಲ್ಲ.

ಅವ್ವನ ಸೇವೆ ಕಾಲುಗಳದ್ದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ನಮ್ಮ ದಾರಿಯಲ್ಲೇ ಹಾಯುತ್ತಾರೆ. ಊರಿನ ಹೊರಗೆ ಚಪ್ಪರ ಹಾಕಿ ಒಬ್ಬರು ಅಂಬಲಿ ಕೊಡುತ್ತಾರೆ, ಒಬ್ಬರು ಕಲ್ಲಂಗಡಿ ಹೆಚ್ಚಿಡುತ್ತಾರೆ. ಅವ್ವ ಬಿಸಿನೀರಿನ ಬೋಗುಣಿಯ ಪಕ್ಕ ನೆಲಕ್ಕೆ ಕೂತು ಅಂಗಾಲಿನ ಗುಳ್ಳೆಗಳನ್ನು ನೋಡುತ್ತಾಳೆ. ಸೂಜಿಯನ್ನು ಬೆಂಕಿಗೆ ಹಿಡಿದು, ಎಣ್ಣೆ ಅರಿಷಿಣದಲ್ಲಿ ನೆನೆಸಿದ ನೂಲನ್ನು ಗುಳ್ಳೆಯ ಒಂದು ಮಗ್ಗುಲಿಂದ ತೂರಿಸಿ ಇನ್ನೊಂದು ಮಗ್ಗುಲಿಗೆ ತೆಗೆಯುತ್ತಾಳೆ. ಎರಡೂ ಕಡೆ ಬೆರಳುದ್ದ ನೂಲು ಬಿಟ್ಟು ಕತ್ತರಿಸುತ್ತಾಳೆ. ನೀರು ನೂಲು ಹಿಡಿದು ತಾನೇ ಇಳಿಯುತ್ತದೆ, ತೊಗಲು ಕಿತ್ತುಬರುವುದಿಲ್ಲ, ಮರುದಿನ ಮತ್ತೆ ನಡೆಯಬಹುದು. ನೂಲು ಅಪ್ಪನ ಮಗ್ಗದಲ್ಲಿ ಉಳಿದದ್ದು. ಅಪ್ಪ ಹೋದ ಮೇಲೂ ಆ ಉಂಡೆಗಳು ಮುಗಿದಿಲ್ಲ. ನಡೆದು ಬಂದವರ ಹೆಸರನ್ನು ಅವ್ವ ಕೇಳುವುದಿಲ್ಲ. ಎಲ್ಲರೂ ಅವಳಿಗೆ ಶ್ರೀಶೈಲದ ದೇವರು ಮಲ್ಲಯ್ಯನೇ. "ಕಾಲ ಕೊಡಪಾ ಮಲ್ಲಯ್ಯ" ಅನ್ನುತ್ತಾಳೆ. ವರ್ಷದ ಉಳಿದ ದಿನಗಳನ್ನೆಲ್ಲ ಆ ಹದಿನೈದು ದಿನಕ್ಕಾಗಿ ಕಳೆಯುವವಳ ಹಾಗೆ ಇರುತ್ತಾಳೆ.

ಹಿರಿಯರು ಚಹಾ ಕುಡಿದು ಎದ್ದರು. ಹೊಸ್ತಿಲು ದಾಟುವಾಗ ಅಂಗಡಿಯವರು ತಿರುಗಿ ಕೇಳಿದರು, "ಅವ್ವಾರ, ಈಗ ಕಣ್ಣು ಹ್ಯಾಂಗ ಅದಾವ್ರಿ?"

"ಚಲೋ ಅದಾವ" ಎಂದಳು ಅವ್ವ. ಅವರು ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತು ನನ್ನ ಕಡೆ ತಿರುಗಿದಳು. "ನನ್ನ ಕಣ್ಣಿನ ಉಸಾಬರಿ ಅವರಿಗ್ಯಾಕ? ಇದರಾಗ ಏನೋ ಐತಿ."

ಏನೋ ಇದೆ ಎಂದು ನನಗೂ ಅನ್ನಿಸಿತು. ಯಾಕೆಂದರೆ ಅವ್ವನ ಕಣ್ಣಿನ ವಿಷಯ ನಮ್ಮಿಬ್ಬರ ನಡುವಿನ ಗುಟ್ಟು. ಮೂರು ವರ್ಷದಿಂದ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಾನು ಗುಳೇದಗುಡ್ಡದಲ್ಲಿ ಹೈಸ್ಕೂಲಿನ ಶಿಕ್ಷಕಿ. ಮಾರ್ಚಿನಲ್ಲಿ ಪರೀಕ್ಷೆ ನಡೆಯುವಾಗ ಹೆಡ್ ಮಾಸ್ತರರ ಮುಂದೆ ಹಲ್ಲುಗಿಂಜಿ ರಜೆ ಪಡೆದು ಇಳಕಲ್ಲಿಗೆ ಬರುತ್ತಿದ್ದೆ. ಬೆಳಿಗ್ಗೆ ಅವ್ವ ಚಪ್ಪರಕ್ಕೆ ಹೊರಡುವ ಮೊದಲು ಬಾಗಿಲು ಮುಂದೆ ಮಾಡಿಕೊಂಡು ಎರಡು ಡಜನ್ ಸೂಜಿಗಳಿಗೆ ನೂಲು ಪೋಣಿಸಿ ಬಟ್ಟೆಗೆ ಚುಚ್ಚಿ, ಹಳೆಯ ತಗಡಿನ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದೆ. "ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾದ್ರ ನನ್ನ ಎಬ್ಬಸ್ತಾರ" ಎಂದಿದ್ದಳು. ಅವಳಿಗೆ ಇದ್ದ ಹೆದರಿಕೆ ಅದೊಂದೇ.

ನನ್ನ ಸಂಶಯ ನೇರ ತಮ್ಮನ ಹೆಂಡತಿಯ ಮೇಲೆ ಹೋಯಿತು. ಒಂದೇ ಮನೆಯಲ್ಲಿದ್ದಾಳೆ, ಬಾಗಿಲ ಸಂದಿಯಿಂದ ನೋಡಿರುತ್ತಾಳೆ, ಸ್ವಸಹಾಯ ಸಂಘದ ಸಭೆಯಲ್ಲಿ ನಾಲಿಗೆ ಸಡಿಲ ಬಿಟ್ಟಿರುತ್ತಾಳೆ. ಕೇಳಲಿಲ್ಲ. ಕೇಳದೆಯೇ ತೀರ್ಮಾನ ಮಾಡಿದೆ. ಅವಳು ಬಡಿಸಿದ ರೊಟ್ಟಿಯನ್ನು ಮುಖ ಕೊಡದೆ ತಿಂದೆ, ಅವಳು ತನ್ನ ತಂಗಿಯ ಮದುವೆಯ ಮಾತು ತೆಗೆದರೆ ಎದ್ದು ಹೋದೆ. ಪಾಪ, ಅವಳು ಎರಡು ಸಲ "ಅಕ್ಕಾರ, ನಂದೇನರ ತಪ್ಪಾತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ, ಹುಳ್ಳಗೆ ನಕ್ಕು.

ಸನ್ಮಾನಕ್ಕೆ ಇನ್ನೂ ಎರಡು ವಾರ ಇತ್ತು. ಅಷ್ಟರಲ್ಲಿ ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ಯುವ ಪಾಳಿ ನನಗೆ ಬಂತು. ಹೋಗುವಾಗ ಮಹಾಕೂಟದಲ್ಲಿ ಇಳಿದೆವು. ಅಲ್ಲಿಯ ಹೊಂಡದ ಮೆಟ್ಟಿಲ ಮೇಲೆ ನನಗೆ ಪರಿಚಯದ ಮುದುಕರೊಬ್ಬರು ಕೈಕಟ್ಟಿಕೊಂಡು ಕೂತಿದ್ದರು. ನಾನು ಕಂಡಾಗೆಲ್ಲ ಉದ್ದ ಕೋಲಿನ ಜಾಳಿಗೆಯಿಂದ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದವರು. ಹಿಂದಿನ ವರ್ಷ ಇದೇ ಹಿರಿಯರು ಅವರಿಗೂ ಶಾಲು ಹೊದಿಸಿದ್ದರು.

"ಜಾಳಿಗಿ ಎಲ್ಲೈತ್ರಿ ಅಜ್ಜಾ?" ಎಂದು ಕೇಳಿದೆ.

"ಈಗ ಬ್ಯಾರೇದವ್ರ ಹಿಡದಾರವಾ. ಶಾಲು ಹೊಚ್ಚಿಸಿಕೊಂಡಾವ ನೀರಾಗ ಇಳಿಬಾರದಂತ. ಹಿರ್ಯಾರು ನೀವು, ಕುಂದರ್ರಿ ಅಂತಾರ. ಕುಂತೇನಿ."

ಹಾಗಾದರೆ ಇದು ಸನ್ಮಾನವಲ್ಲ, ಮರ್ಯಾದೆಯಿಂದ ಮನೆಗೆ ಕಳಿಸುವ ದಾರಿ. ಯಾರಿಗೂ ಕೆಟ್ಟವರಾಗದೆ, ಹಾರ ಹಾಕಿ, ಚಪ್ಪಾಳೆ ತಟ್ಟಿ ಕೈಯೊಳಗಿನದ್ದನ್ನು ಕಸಿದುಕೊಳ್ಳುವುದು. ಮಕ್ಕಳು ಗುಹೆ ನೋಡಿದರು, ಮಂಗಗಳಿಗೆ ಹೆದರಿ ಚೀರಿದರು. ನನಗೆ ಯಾವುದೂ ತಲೆಗೆ ಹೋಗಲಿಲ್ಲ.

ಮರುದಿನ ಶಾಲೆ ಮುಗಿದ ಕೂಡಲೇ ಹುನಗುಂದದ ಬಸ್ಸು ಹತ್ತಿದೆ. ಅಂಗಡಿಯ ಗಾದಿಯ ಮೇಲೆ ಕೂತಿದ್ದ ಹಿರಿಯರು ನನ್ನನ್ನು ಕಂಡು ಎದ್ದು ನಿಂತರು. ನಾನು ಕುಳಿತುಕೊಳ್ಳಲೂ ಇಲ್ಲ. "ಅವ್ವನ್ನ ಚಪ್ಪರದಿಂದ ಎಬ್ಬಸಾಕ ಈ ಸನ್ಮಾನ ಇಟ್ಟೀರಿ, ಹೌದಿಲ್ರಿ?" ಎಂದೆ.

ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಅವ್ವಾರಿಗೆ ಸಾಕು ಅಂತ ಬಾಯಿಬಿಟ್ಟು ಹೇಳೋ ಧೈರ್ಯ ನಮಗ್ಯಾರಿಗೂ ಇಲ್ರಿ. ಸೂಜಿ ಜೀವ ಇದ್ದ ಮಾಂಸಕ್ಕ ಹೊಕ್ಕು, ನಂಜಾಗಿ ಯಾರರ ದವಾಖಾನಿ ಸೇರಿದ್ರ ಹ್ಯಾಂಗ್ರಿ? ನಲವತ್ತು ವರ್ಷದ ಹೆಸರು ಒಂದು ದಿನದಾಗ ಹೋಕ್ಕೈತಿ. ಅದಕ್ಕ ಹಿಂಗ ಮಾಡಿದ್ವಿ."

"ಆಕಿಗೆ ಕಣ್ಣು ಕಾಣಂಗಿಲ್ಲಂತ ನಿಮಗ ಹೇಳಿದವ್ರು ಯಾರು?"

ಅವರು ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ.

"ನೀವ ಹೇಳಿದ್ರಲ್ಲರಿ ಅಕ್ಕಾರ. ಹೋದ ಯುಗಾದಿ ಮುಂದ, ಬಸ್ಸಿನ್ಯಾಗ."

ನೆನಪಾಯಿತು. ರಜೆ ಮುಗಿಸಿ ವಾಪಸು ಹೊರಟ ದಿನ, ಇಳಕಲ್ಲಿನಿಂದ ಹುನಗುಂದದವರೆಗೆ ಪಕ್ಕದ ಸೀಟಿನಲ್ಲಿ ಕೂತ ಹಿರಿಯರು ಅವ್ವನ ಆರೋಗ್ಯ ಕೇಳಿದ್ದರು. ಹಿಂದಿನ ಸಂಜೆಯಷ್ಟೇ ಅವ್ವನ ಸೂಜಿ ತಪ್ಪಿ ಒಬ್ಬರ ಅಂಗಾಲಿಗೆ ಇಳಿದಿತ್ತು. ಅವರು ಹಲ್ಲು ಕಚ್ಚಿ ಮಲ್ಲಯ್ಯಾ ಎಂದರು, ರಕ್ತ ನನಗೊಬ್ಬಳಿಗೇ ಕಂಡಿತು, ಬೇಗ ಒರೆಸಿದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದವಳು ಅರ್ಧ ತಾಸಿನಲ್ಲಿ ಎಲ್ಲವನ್ನೂ ಸುರಿದಿದ್ದೆ. ದಾರ ನಾನೇ ಪೋಣಿಸಬೇಕು, ಪ್ರತಿ ಸಲ ರಜೆಗೆ ಬೇಡಬೇಕು, ಆಕೆಗೆ ಹೇಳಿದರೆ ತಿಳಿಯುವುದಿಲ್ಲ, ಯಾರಾದರೂ ಹಿರಿಯರು ಬಿಡಿಸಿದರೆ ಪುಣ್ಯ ಬರುತ್ತದೆ ಎಂದೂ ಅಂದಿದ್ದೆ. ಅವರು ನನ್ನ ಮಾತನ್ನೇ ನಡೆಸಿಕೊಟ್ಟಿದ್ದರು. ಮನೆಗೆ ಬಂದಾಗ ನನ್ನ ಮುಖ ನೋಡಿ ನಕ್ಕಿದ್ದು ಅದಕ್ಕೇ. ನನಗೆ ನಾಚಿಕೆಯಾಯಿತು. ಇಷ್ಟು ದಿನ ಎಲ್ಲರ ಮುಖದಲ್ಲೂ ಹುಡುಕಿದ್ದ ಕಳ್ಳತನ ನನ್ನದೇ ಆಗಿತ್ತು.

"ಹಂಗಾದ್ರ ಬ್ಯಾಡ ಅಂತೀರೇನ್ರಿ? ನಿಲ್ಲಸ್ತೇವಿ" ಎಂದರು ಅವರು. ನಾನು ಬೇಡ ಎನ್ನಲಿಲ್ಲ. ಅಂಗಾಲಿನ ಆ ರಕ್ತ ಕಣ್ಣ ಮುಂದಿತ್ತು, ಮಾರ್ಚಿನ ರಜೆಯ ಚೀಟಿಯೂ ಇತ್ತು. ಯಾವುದು ಹೆಚ್ಚು ತೂಗಿತು ಎಂದು ಇವತ್ತಿಗೂ ನನ್ನನ್ನು ನಾನು ನಂಬಿ ಹೇಳಲಾರೆ.

ಬಾಗಲಕೋಟೆಯ ಸಭಾಭವನದಲ್ಲಿ ಸನ್ಮಾನ ನಡೆಯಿತು. ಅವ್ವ ತನ್ನ ಮದುವೆಯ ಸೀರೆ ಉಟ್ಟು ಬಂದಿದ್ದಳು. ಅಜ್ಜಾರು ಶಾಲು ಹೊದಿಸಿದರು. ಭಾಷಣ ಮಾಡಿದವರು, "ಇನ್ನು ಮುಂದೆ ತಾಯಿಯವರು ವಿಶ್ರಾಂತಿ ಪಡೆಯಬೇಕು, ಕಾಲಿನ ಸೇವೆಯನ್ನು ಕಲಿತ ನರ್ಸುಗಳು ನೋಡಿಕೊಳ್ಳುತ್ತಾರೆ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ ಮಾತ್ರ ತಟ್ಟಲಿಲ್ಲ. "ಹಿಂಗಂದ್ರ ಹ್ಯಾಂಗ್ರಿ ಅಕ್ಕಾರ? ಆ ಕೆಲಸಾ ಬಿಟ್ರ ಅತ್ತಿ ಏನ ಮಾಡಬೇಕ್ರಿ?" ಎಂದು ಪಿಸುಗುಟ್ಟಿದಳು. ಅವ್ವ ವೇದಿಕೆಯ ಮೇಲಿಂದ ನಮ್ಮ ಸಾಲನ್ನೇ ನೋಡುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಕೇಳಿದಳು, "ಸೂಜಿ ವಿಚಾರ ಅವರಿಗೆ ಯಾರ ಹೇಳಿದ್ರು?"

"ನನಗೇನ ಗೊತ್ತವ್ವಾ" ಎಂದೆ. ಅವಳು ಹೆಗಲಿನ ಶಾಲು ತೆಗೆದು ಮಡಿಸಿ ನನ್ನ ಮಡಿಲಲ್ಲಿಟ್ಟಳು.

ಆ ವರ್ಷ ಚಪ್ಪರದಲ್ಲಿ ಅವ್ವನಿಗೆ ಕುರ್ಚಿ ಹಾಕಿದ್ದರು. ನರ್ಸುಗಳು ಶುದ್ಧವಾಗಿಯೇ ಕೆಲಸ ಮಾಡಿದರು, ಯಾರಿಗೂ ನಂಜಾಗಲಿಲ್ಲ. ನಡೆದು ಬಂದವರು ಪಟ್ಟಿ ಕಟ್ಟಿಸಿಕೊಂಡು ಹೋಗುವಾಗ ಅವ್ವನ ಪಾದ ಮುಟ್ಟಲು ಬಾಗುತ್ತಿದ್ದರು. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡು, "ಬ್ಯಾಡೋ ಮಲ್ಲಯ್ಯ, ಮುಟ್ಟಬ್ಯಾಡ" ಅನ್ನುತ್ತಿದ್ದಳಂತೆ. ಮೂರನೆಯ ದಿನ ಎದ್ದು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಅಲ್ಲಿರಲಿಲ್ಲ. ಆ ಮಾರ್ಚಿನಲ್ಲಿ ನನಗೆ ರಜೆ ಬೇಕಾಗಿರಲಿಲ್ಲ.

ಯುಗಾದಿಯ ಮರುವಾರ ಹೋದಾಗ ಅವ್ವ ಪಡಸಾಲೆಯಲ್ಲಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಅದೇ ತಗಡಿನ ಡಬ್ಬಿ, ಅದೇ ನೂಲು. ತಮ್ಮನ ಹೆಂಡತಿ ಎದುರಿಗೆ ಕೂತು ಸೂಜಿಗಳಿಗೆ ದಾರ ಪೋಣಿಸಿ ಒಂದೊಂದಾಗಿ ಬಟ್ಟೆಗೆ ಚುಚ್ಚುತ್ತಿದ್ದಳು. ನಾನೂ ಕೂತು ಒಂದು ಸೂಜಿಗೆ ಕೈ ಹಾಕಿದೆ. ಅವ್ವ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, "ಈಗ ಕಣ್ಣು ಹ್ಯಾಂಗ ಅದಾವವ್ವಾ?"

ಅವ್ವ ಹೊಲಿಗೆ ನಿಲ್ಲಿಸಿ ತಲೆ ಎತ್ತಿದಳು. ಹಣ್ಣು ಹಿಡಿದು ಬಂದ ಹಿರಿಯರನ್ನು ನೋಡಿದ್ದಳಲ್ಲ, ಹಾಗೆಯೇ ನನ್ನನ್ನು ನೋಡಿದಳು.

"ಯಾಕ ಕೇಳ್ತಿ?" ಎಂದಳು. "ಯಾರ ಮುಂದ ಹೇಳಬೇಕಾಗೇತಿ?"