ಎಲ್ರಾಯ್ ಆರಿಸಿದ ದಪ್ಪ ಕಡ್ಡಿ

ನನ್ನ ಗಂಡ ಎಲ್ರಾಯ್ ಜಾಸ್ಟ್ರೊ ತೀರಿಕೊಂಡು ಐದು ತಿಂಗಳಾಯಿತು. ವಿಸ್ಕಾನ್ಸಿನ್ನಿನ ನಮ್ಮ ಕಡೆಯ ಹೋಟೆಲುಗಳ ಒಲೆ, ಎಣ್ಣೆಯಲ್ಲಿ ಕರಿಯುವ ಫ್ರೈಯರ್ ರಿಪೇರಿ ಅವನ ಕೆಲಸ. ನಾನು ಜೊತೆಗೆ ಹೋಗಿ ಸ್ಪ್ಯಾನರ್ ಕೊಡುತ್ತಿದ್ದೆ.

ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದಲ್ಲಿ ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವುದು ರೂಢಿ; ಅಂದು ಡಾರ್ಲಿಸ್ ಕುಬಿಯಾಕಳ ಹೋಟೆಲಿಗೆ ಕರಿದ ಮೀನಿಗೆಂದು ಊರಿಗೆ ಊರೇ ಬರುತ್ತದೆ. ಏಳೆಂಟು ವರ್ಷದ ಹಿಂದೆ ಒಂದು ಲೆಂಟಿನಲ್ಲಿ ಎರಡು ಶುಕ್ರವಾರ ಫ್ರೈಯರ್ ನಡುವೆಯೇ ಕೆಟ್ಟು ನಿಂತಿತು. ಎಣ್ಣೆಯ ಬಿಸಿ ಅಳೆಯುವ ಸೆನ್ಸರ್ ಕಡ್ಡಿ ಎರಡು ಸಲವೂ ಸತ್ತಿತ್ತು.

"ಇನ್ನೊಂದ್ ಶುಕ್ರವಾರ ಕೈಕೊಟ್ರೆ ಗ್ರೀನ್ ಬೇಯಿಂದ ಬೇರೆಯವನನ್ನ ಕರೀತೀನಿ," ಅಂದಳು ಡಾರ್ಲಿಸ್. "ಹಳೇ ಸ್ನೇಹ ಅಂತ ಜನಕ್ಕೆ ಹಸಿ ಮೀನು ಬಡಿಸಕ್ಕಾಗಲ್ಲ ಎಲ್ರಾಯ್."

ಅವಳು ಅವನನ್ನು ಕೈಬಿಟ್ಟರೆ ಸುತ್ತಲಿನ ನಾಲ್ಕು ಊರಿನ ಹೋಟೆಲಿನವರೂ ಕೈಬಿಡುತ್ತಿದ್ದರು.

ಬಿಡಿಭಾಗದ ಅಂಗಡಿಯವನು ತೆಳು ಕಡ್ಡಿಯನ್ನೇ ಹೊಗಳಿದ. ಬಿಸಿ ಬದಲಾದರೆ ಕ್ಷಣದಲ್ಲಿ ತೋರಿಸುತ್ತದಂತೆ. ಎಲ್ರಾಯ್ ಕೊಳ್ಳಲಿಲ್ಲ. ವ್ಯಾನಿನಲ್ಲಿದ್ದ ಹಳೆಯ ತೆಳು ಕಡ್ಡಿಯೊಂದನ್ನು ಸದ್ಯಕ್ಕೆ ಹಾಕಿ, ಅದು ಯಾಕೆ ಸಾಯುತ್ತದೆಂದು ಬುಧವಾರ ಡಾರ್ಲಿಸಳ ಅಡುಗೆಮನೆಯ ಮೂಲೆಯಲ್ಲಿ ನೋಡುತ್ತ ಕುಳಿತ.

ಅಡುಗೆಯ ಲೋರ್ನಾ ಮೀನು ಕರಿಯುವ ತಂತಿ ಬುಟ್ಟಿಯನ್ನು ಎಣ್ಣೆಯಿಂದ ಎತ್ತಿದಳು. ಎಣ್ಣೆ ಇಳಿಯಲೆಂದು ಟಣ್ ಟಣ್ ಎಂದು ಬಡಿದಳು. ಏಟು ಬಿದ್ದದ್ದು ಕಡ್ಡಿಗೆ.

"ಅಯ್ಯೋ ಲೋರ್ನಾ, ಅದೇನು ಪಾಪ ಮಾಡಿತ್ತೇ?" ಅಂದ ಎಲ್ರಾಯ್.

"ಇಪ್ಪತ್ತು ವರ್ಷದಿಂದ ಹಿಂಗೇ ಬಡೀತಿದೀನಿ. ನೀನು ಹುಲ್ಲುಕಡ್ಡಿ ತಂದಿಟ್ರೆ ನಾನೇನ್ ಮಾಡ್ಲಿ?"

"ನಿನ್ನ ಕೈ ಬದಲಾಯಿಸಕ್ಕಾಗಲ್ಲ ಬಿಡು. ಕಡ್ಡೀನೇ ಬದಲಾಯಿಸ್ತೀನಿ."

ದಪ್ಪ ಉಕ್ಕಿನ ಕವಚದ ಕಡ್ಡಿ ತಂದ. ಉರಿಯ ಕೊಳವೆಗೆ ತಾಗದಂತೆ ಕೂರಿಸಿ, ಬುಟ್ಟಿಯ ಏಟು ತಾಗದಂತೆ ಮುಂದೆ ಸರಳೊಂದನ್ನು ಬಗ್ಗಿಸಿ ಅಡ್ಡ ಕೊಟ್ಟ. ಆದರೆ ಈ ಕಡ್ಡಿ ನಿಧಾನ. ತಣ್ಣನೆಯ ಮೀನು ಬಿದ್ದದ್ದು ಅದಕ್ಕೆ ತಡವಾಗಿ ಗೊತ್ತಾಗುತ್ತದೆ, ಉರಿ ತಡವಾಗಿ ಏರುತ್ತದೆ. ಹಾಗಾಗಿ ಬುಟ್ಟಿಗೆ ಎಂಟರ ಬದಲು ಆರೇ ತುಂಡು ಹಾಕಬೇಕು ಎಂದ.

"ಜನ ಬಾಗಿಲಾಚೆ ನಿಲ್ತಾರೆ ಕಣೋ!" ಡಾರ್ಲಿಸ್ ಕೂಗಿದಳು.

"ನಿಲ್ಲಲಿ. ನಿಂತ್ಕೊಂಡು ಬಿಯರ್ ಕುಡೀತಾರೆ. ಆರು ಅಂದ್ರೆ ಆರೇ."

ಶುಕ್ರವಾರ ನಾಲ್ಕು ಗಂಟೆಗೆ ಹೋಗಿ ನಿಂತೆವು. ಪ್ರತಿ ಬುಟ್ಟಿ ಎತ್ತಿದ ಮೇಲೂ ಅವನು ಕೈ ಥರ್ಮಾಮೀಟರ್ ಅದ್ದಿ ನೋಡಿದ. ಇಳಿದ ಬಿಸಿ ಮುಂದಿನ ಬುಟ್ಟಿಯ ಹೊತ್ತಿಗೆ ಮುನ್ನೂರೈವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿರುತ್ತಿತ್ತು. ಲೋರ್ನಾ ಬಡಿಯುತ್ತಲೇ ಇದ್ದಳು, ಸರಳಿಗೆ. ಮೊದಲ ಒಂದು ಗಂಟೆ ಅವನು ನೀರೂ ಕುಡಿಯಲಿಲ್ಲ. ರಾತ್ರಿ ಮೀನೆಲ್ಲ ಮುಗಿಯಿತು. ಫ್ರೈಯರ್ ನಿಲ್ಲಲಿಲ್ಲ.

ಡಾರ್ಲಿಸ್ ಕೈ ಒರೆಸಿಕೊಂಡು ಬಂದಳು. "ಬ್ರೆಡ್ ಒಲೇನೂ ಯಾಕೋ ಸರಿಯಿಲ್ಲ. ಯಾವಾಗ ಬರ್ತೀಯ?"

"ಸೋಮವಾರ."

ಸೋಮವಾರ ಹೋದ. ಆಮೇಲೆ ಏಳು ವರ್ಷ ಅಲ್ಲಿಗೆ ರಿಪೇರಿಗೆ ಬೇರೆ ಯಾರೂ ಹೋಗಲಿಲ್ಲ. ಈಗ ಯಾರೋ ಹೋಗುತ್ತಿದ್ದಾರೆ. ಯಾರೆಂದು ನಾನು ಕೇಳಿಲ್ಲ.